ಅಜ್ಜಿಯ ತವರಿಗೆ ದಾರಿ ತೋರಿಸಿದವರಿಗೆ

ನನ್ನ ಅತ್ತೆಗೆ ಕಳೆದ ತಿಂಗಳು 75 ತುಂಬಿತು. ಒಂದು ವರ್ಷದ ಹಿಂದೆ ಕೊನೆಯ ರೇಡಿಯೇಷನ್ ಮುಗಿಸಿ ಬಂದ ದಿನ ಅವರು ಕೇಳಿದ್ದು ಒಂದೇ, "ನಮ್ಮಜ್ಜಿ ಹುಟ್ಟಿದ ಮನೆ ನೋಡಬೇಕು." ನೋಡಿಕೊಂಡು ಬಂದೆವು. ಇದರಲ್ಲಿ ನಮ್ಮದು ಕಾರು ಓಡಿಸಿದ್ದಷ್ಟೇ. ಉಳಿದಿದ್ದೆಲ್ಲ ಬೇರೆಯವರ ಉಪಕಾರ. ಹೇಳದೆ ಸುಮ್ನೆ ಇರೋಕೆ ಮನಸ್ಸು ಒಪ್ಪುತ್ತಿಲ್ಲ.

ಅತ್ತೆ ಹುಟ್ಟಿ ಬೆಳೆದಿದ್ದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಅವರ ಅಜ್ಜಿ ಐರ್ಲೆಂಡಿನ ಪಶ್ಚಿಮ ತೀರದ ಅಕಿಲ್ ದ್ವೀಪದವರು. ಆ ದ್ವೀಪದಿಂದ ಎಷ್ಟು ಜನ ಕ್ಲೀವ್‌ಲ್ಯಾಂಡಿಗೆ ಬಂದರು ಅಂದರೆ, ಈಗ ಎರಡೂ ಅಧಿಕೃತವಾಗಿ ಅವಳಿ ಊರುಗಳು. ನಾನು ಕುಮಟಾದವಳು. 'ತವರು' ಅಂದರೆ ಏನು ಅಂತ ಅತ್ತೆಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ದಾರಿಯುದ್ದಕ್ಕೂ ಅವರದ್ದು ಅದೇ ಜಪ. "ಗ್ರ್ಯಾಂಡ್‌ಮಾಸ್ ತವ್ರೂ!"

ಮೊದಲು ದುಡ್ಡು ಕೊಟ್ಟು ವಂಶವೃಕ್ಷ ಹುಡುಕಿಸಿದ್ದೆವು. ಸಿಕ್ಕಿದ್ದು ಬೇರೆ ಯಾರದ್ದೋ ಕುಟುಂಬ! ಪಾಪ, ಅವರನ್ನೇ ಬೈದು ಪ್ರಯೋಜನವಿಲ್ಲ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಯೇ ಸುಟ್ಟುಹೋಯಿತು. ಅಕಿಲ್‌ನಲ್ಲಂತೂ ಅವೇ ಕೆಲವು ಅಡ್ಡಹೆಸರುಗಳು ತಿರುತಿರುಗಿ ಬರುತ್ತವೆ. ಅದಕ್ಕೇ ಅಲ್ಲಿನವರು ಅಪ್ಪ, ಅಜ್ಜನ ಹೆಸರು ಸೇರಿಸಿ ಗುರುತು ಹೇಳುತ್ತಾರೆ. ನಮ್ಮೂರಲ್ಲಿ ಮನೆ ಹೆಸರು ಹಿಡಿದು ಕರೆಯೋ ಹಾಗೇ, ಅಲ್ವಾ?

ದಾರಿ ತೋರಿಸಿದ್ದು ಕ್ಯಾಸಲ್‌ಬಾರ್ ಲೈಬ್ರರಿಯ ಹುಡುಗಿ. "ಹೆಸರು ಹುಡುಕಬೇಡಿ, ಟೌನ್‌ಲ್ಯಾಂಡ್ ಹುಡುಕಿ" ಅಂದಳು. ಟೌನ್‌ಲ್ಯಾಂಡ್ ಅಂದರೆ ಹೆಚ್ಚುಕಮ್ಮಿ ನಮ್ಮ ಮಜರೆ. 1901ರ ಜನಗಣತಿಯ ಹಾಳೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಅಜ್ಜಿ ಇದ್ದರು! ವಯಸ್ಸು 18. ಐರಿಷ್, ಇಂಗ್ಲಿಷ್ ಎರಡೂ ಬಲ್ಲವರು. ಇನ್ನೊಂದು ಹಾಳೆಯಲ್ಲಿ ಮನೆಯ ವಿವರ. ಹುಲ್ಲಿನ ಮಾಡು. ಮುಂದುಗಡೆ ಕಿಟಕಿ, ಒಂದು. ಆಗ ಗಣತಿಗೆ ಬರುತ್ತಿದ್ದವರು ಪೊಲೀಸರು. ಆ ಒಂದು ಕಿಟಕಿಯನ್ನೂ ಬಿಡದೆ ಬರೆದುಕೊಂಡ ಪುಣ್ಯಾತ್ಮನಿಗೂ ಒಂದು ನಮಸ್ಕಾರ.

ಅಲ್ಲಿನ ಕಡಲತೀರದ ರಸ್ತೆಗೆ ವೈಲ್ಡ್ ಅಟ್ಲಾಂಟಿಕ್ ವೇ ಅಂತ ಹೆಸರು. ಒಟ್ಟು ಸುಮಾರು 2,500 ಕಿ.ಮೀ. ನಾವು ಸುತ್ತಿದ್ದು ಅದರ ಒಂದು ಚೂರು. ಕೀಮ್ ಕೊಲ್ಲಿಗೆ ಹೋಗುವಾಗ ಎಡಕ್ಕೆ ಪ್ರಪಾತ, ಎದುರಿಗೆ ಹಾಯಾಗಿ ಮಲಗಿದ ಕುರಿಗಳು. ಕೆಳಗೆ ಕುದುರೆ ಲಾಳದ ಆಕಾರದ ಮರಳು, ಹಸಿರು ನೀರು. ಅರಬ್ಬಿ ಸಮುದ್ರ ನೋಡಿ ಬೆಳೆದ ನನಗೂ ಬಾಯಿಕಟ್ಟಿತು. ವಾಪಸ್ ಬರುವಾಗ ಟೈರ್ ಪಂಕ್ಚರ್. ಮಳೆಯಲ್ಲಿ ನೆನೆಯುತ್ತಾ ಸ್ಟೆಪ್ನಿ ಹಾಕಿಕೊಟ್ಟ ಇಬ್ಬರು ಹುಡುಗರು ಹೆಸರನ್ನೂ ಹೇಳದೆ ಹೋದರು.

ನಾವು ಉಳಿದುಕೊಂಡಿದ್ದ ಮನೆಯ ಅಮ್ಮ ಅತ್ತೆಯನ್ನು ಕಿಲ್ಡೌನೆಟ್ ಸ್ಮಶಾನಕ್ಕೆ ಕರೆದುಕೊಂಡು ಹೋದರು. 1894ರಲ್ಲಿ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳುವ ಕೂಲಿಗೆ ಹೊರಟಿದ್ದ 32 ಜನ ವೆಸ್ಟ್‌ಪೋರ್ಟ್ ಬಳಿ ದೋಣಿ ಮಗುಚಿ ಸತ್ತರು. ಅಕಿಲ್‌ಗೆ ಬಂದ ಮೊದಲ ರೈಲು ತಂದಿದ್ದು ಅವರ ಹೆಣಗಳನ್ನು. 1937ರಲ್ಲಿ ಸ್ಕಾಟ್ಲೆಂಡಿನ ಕರ್ಕಿನ್‌ಟಿಲಕ್‌ನಲ್ಲಿ ಬೆಂಕಿಗೆ ಸಿಕ್ಕ ಅಕಿಲ್‌ನ 10 ಹುಡುಗರ ಹೆಣಗಳೂ ರೈಲಿನಲ್ಲೇ ಬಂದವು. ಆಮೇಲೆ ಆ ಲೈನೇ ಮುಚ್ಚಿತು. ಈಗ ಅದು ಸೈಕಲ್ ದಾರಿ. 1894ರಲ್ಲಿ ಅಜ್ಜಿಗೆ 11 ವರ್ಷ. ಅವರು ಅಮೆರಿಕಕ್ಕೆ ಯಾಕೆ ಓಡಿದರು ಅಂತ ಅತ್ತೆ ಆಮೇಲೆ ಕೇಳಲಿಲ್ಲ.

ಕೊನೆಗೆ ಮನೆ. ನಾಯಿ ಕರೆದುಕೊಂಡು ಬಂದ ಒಬ್ಬ ಮುದುಕರು ಹಾಳೆ ನೋಡಿ, ಅಜ್ಜಿಯ ಅಪ್ಪನ ಹೆಸರು, ಅಜ್ಜನ ಹೆಸರು ಕೇಳಿ, "ಓ, ಅವರಾ" ಅಂದರು. ಕೆಸರಿನಲ್ಲಿ ಅತ್ತೆಗೆ ತೋಳು ಕೊಟ್ಟು ನಡೆಸಿದರು. ಮನೆಗೆ ಹುಲ್ಲಿನ ಮಾಡು ಈಗ ಇಲ್ಲ. ಮೂರು ಗೋಡೆ, ಒಳಗೆಲ್ಲ ತುರಿಕೆ ಗಿಡ, ಒಲೆಯ ಜಾಗದಲ್ಲಿ ಕಪ್ಪು ಕಲ್ಲು. ಮುಂದಿನ ಗೋಡೆಯಲ್ಲಿ ಒಂದೇ ಕಿಟಕಿ. ಅತ್ತೆ ಒಳಗೆ ಹೋಗಿ ಅದರಿಂದ ತಲೆ ಹೊರಗೆ ಹಾಕಿ ಸಮುದ್ರ ನೋಡಿದರು. ಕೀಮೋ ಆದ ಮೇಲೆ ಹುಟ್ಟಿದ ಗುಂಗುರು ಕೂದಲು ಗಾಳಿಗೆ ಎದ್ದು ನಿಂತಿತ್ತು. ನಾವ್ಯಾರೂ ಮಾತಾಡಲಿಲ್ಲ. ನಾಯಿ ಮಾತ್ರ ಬೊಗಳುತ್ತಿತ್ತು.

ನಾವಿಲ್ಲದ ಹತ್ತು ದಿನ ಮಕ್ಕಳನ್ನು ನೋಡಿಕೊಂಡ ಇಲ್ಲಿನ ಕನ್ನಡ ಗೆಳತಿಯರೇ, ನಿಮ್ಮ ಋಣ ಜಾಸ್ತಿಯಾಯಿತು. ಆ ಮುದುಕರಿಗೆ ಕಾರಿನಲ್ಲಿದ್ದ ಚಕ್ಕುಲಿ ಕೊಟ್ಟಿದ್ದೆ. ಮೊನ್ನೆ ಅವರ ಮಗಳು ಮೆಸೇಜ್ ಮಾಡಿ, ಆ ಸುರುಳಿ ಸುರುಳಿ ತಿಂಡಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದಾಳೆ. ಸೋಮವಾರ ಎರಡು ಡಬ್ಬ ಪಾರ್ಸೆಲ್ ಹೋಗುತ್ತಿದೆ.