ಎಲ್ಲಾ ಕಂಪ್ಯೂಟರ್ ಅಂದ್ರಲ್ಲ ಅಪ್ಪ

ಲಂಡನ್
ಭಾನುವಾರ

ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಚಳಿ ಇದೆ, ಹೀಟರೂ ಇದೆ, ಊಟಕ್ಕೆ ತೊಂದರೆ ಇಲ್ಲ. ಅಮ್ಮ, ನಿನ್ನ ಪ್ರಶ್ನೆಗಳಿಗೆ ಸದ್ಯಕ್ಕೆ ಇಷ್ಟು ಸಾಕು, ಉಳಿದದ್ದು ಫೋನಲ್ಲಿ. ಈ ಪತ್ರ ಜಾಸ್ತಿ ಅಪ್ಪನಿಗೆ.

ಅಪ್ಪ, ಹೋದ ವಾರ ನೀವು ಒಂದೇ ಉಸಿರಲ್ಲಿ ಎರಡು ಮಾತು ಹೇಳಿದಿರಿ. ಈಗಿನ ಸಿನಿಮಾ ಎಲ್ಲಾ ಕಂಪ್ಯೂಟರ್, ಅದರಲ್ಲಿ ಮನುಷ್ಯರ ಕೆಲಸ ಏನಿದೆ ಅಂದಿರಿ. ಆಮೇಲೆ ಯೂಟ್ಯೂಬಲ್ಲಿ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಮೇಕಿಂಗ್ ನೋಡಿದೆ, ಅವರು ಮಾತ್ರ ಎಲ್ಲಾ ನಿಜವಾಗಿ ಮಾಡಿದ್ದಾರೆ ಅಂದಿರಿ. ಎರಡೂ ಅರ್ಧರ್ಧ ನಿಜ. ಫೋನಲ್ಲಿ ವಾದಕ್ಕೆ ಇಳಿದರೆ ಗೆಲ್ಲೋದು ನೀವೇ. ಅದಕ್ಕೇ ಬರೆಯುತ್ತಿದ್ದೇನೆ, ಮಧ್ಯೆ ಬಾಯಿ ಹಾಕೋಕೆ ಆಗಲ್ಲ.

ಮೊದಲು ನನ್ನ ಕೆಲಸದ ವಿಷಯ. ನೆಂಟರ ಹತ್ತಿರ ಅಮ್ಮ 'ಗ್ರಾಫಿಕ್ಸ್ ಮಾಡ್ತಾಳೆ' ಅನ್ನುತ್ತಾಳೆ. ಕೇಳಿದವರು ನಾನು ರಾಕ್ಷಸರನ್ನೋ ರಾಕೆಟ್ಟನ್ನೋ ಮಾಡುತ್ತೇನೆ ಅಂದುಕೊಳ್ಳುತ್ತಾರೆ. ನಾನು ಮಾಡುವುದು ಸಿನಿಮಾ ಚಿತ್ರದಿಂದ ಬೇಡದ್ದನ್ನು ಅಳಿಸುವ ಕೆಲಸ. ಒಂದು ಶಾಟ್ ಹೇಳುತ್ತೇನೆ, ಕೇಳಿ. ಒಬ್ಬ ಸ್ಟಂಟ್‌ನವನನ್ನು ರೋಪ್ ಕಟ್ಟಿ ಹಿಂದಕ್ಕೆ ಎಳೆಯುತ್ತಾರೆ, ಸ್ಫೋಟಕ್ಕೆ ಹಾರಿಬಿದ್ದ ಹಾಗೆ. ನನ್ನ ಹತ್ತಿರ ಬರುವ ಚಿತ್ರದಲ್ಲಿ ಅವನ ಸೊಂಟದಿಂದ ಎರಡು ರೋಪ್ ಹೊರಟಿರುತ್ತವೆ. ಬೀಳುವ ಕಡೆ ನೀಲಿ ಮ್ಯಾಟ್. ಮೂಲೆಯಲ್ಲಿ ಕ್ರೇನಿನ ನೆರಳು. ಇನ್ನೊಂದು ಮೂಲೆಯಲ್ಲಿ ಧೂಳು ಊದುವ ಮಷೀನ್ ಹಿಡಿದವನ ಮೊಣಕೈ. ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ಮೂರು ಸೆಕೆಂಡಿನ ಶಾಟ್ ಅಂದರೆ 72 ಚಿತ್ರ. ಗೋಡೆ ಮೇಲೆ ಹಾದುಹೋದ ರೋಪ್ ಅಳಿಸೋದು ಸುಲಭ, ಹಿಂದಿನದೋ ಮುಂದಿನದೋ ಚಿತ್ರದಿಂದ ಗೋಡೆ ತಂದು ಮುಚ್ಚಬಹುದು. ಅದೇ ರೋಪ್ ಅವನ ಕೆನ್ನೆ ಮೇಲೆ ಹಾದರೆ ಆಯ್ತು, ಆ ದಿನ ಅದಕ್ಕೇ ಮೀಸಲು. ಕೆನ್ನೆ ಅಲುಗುತ್ತಿರುತ್ತೆ, ಬೆಳಕು ಬದಲಾಗುತ್ತಿರುತ್ತೆ. ನಾನು ಮುಚ್ಚಿದ ಜಾಗ ಸ್ವಲ್ಪ ನುಣುಪಾಗಿ ಕಂಡರೂ ನಮ್ಮ ಸೂಪರ್‌ವೈಸರ್ ವಾಪಸ್ ಕಳಿಸುತ್ತಾರೆ. ಕೆಲಸ ಸರಿಯಾದರೆ ನಾನು ಅಲ್ಲಿ ಕೈ ಹಾಕಿದ್ದೇ ಯಾರಿಗೂ ಗೊತ್ತಾಗಬಾರದು.

ಈಗ ನಿಮ್ಮ ಮ್ಯಾಡ್ ಮ್ಯಾಕ್ಸ್, ಮರುಭೂಮಿಯಲ್ಲಿ ಗಾಡಿಗಳು ಬೆನ್ನಟ್ಟುವ ಸಿನಿಮಾ. ನೀವು ಮೆಚ್ಚಿದ್ದು ಸರಿಯಾಗೇ ಇದೆ. ಅದರ ನಿರ್ದೇಶಕ ಜಾರ್ಜ್ ಮಿಲ್ಲರ್ ಆಸ್ಟ್ರೇಲಿಯಾದವರು, ಓದಿದ್ದು ಡಾಕ್ಟರಿಕೆ. ಮೊದಲು ಅಲ್ಲೇ ಬ್ರೋಕನ್ ಹಿಲ್ ಕಡೆ ಶೂಟಿಂಗ್ ಅಂತ ನಿರ್ಧಾರ ಆಗಿತ್ತು. ಬೇಕಾಗಿದ್ದು ಒಣಗಿದ ಕೆಂಪು ಮಣ್ಣು. ಅಷ್ಟರಲ್ಲಿ ಮಳೆ ಸುರಿದು ಮರುಭೂಮಿ ತುಂಬ ಹೂವು ಬಂದುಬಿಟ್ಟಿತು! ಕೊನೆಗೆ ಆಫ್ರಿಕಾದ ನಮೀಬಿಯಾಕ್ಕೆ ಹೋದರು. 2012ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಶೂಟಿಂಗ್. ಸುಮಾರು 150 ಗಾಡಿ ಕಟ್ಟಿಸಿದ್ದರು. ಉದ್ದನೆಯ ಕೋಲಿನ ತುದಿಯಲ್ಲಿ ನೇತಾಡುತ್ತಾ ಓಡುವ ಲಾರಿ ಮೇಲೆ ಬಾಗುವವರು ಇದ್ದಾರಲ್ಲ, ಅದನ್ನು ಓಡುವ ಗಾಡಿ ಮೇಲೆ ಮಾಡೋಕೆ ಆಗುತ್ತೆ ಅಂತ ಮಿಲ್ಲರ್‌ಗೇ ನಂಬಿಕೆ ಇರಲಿಲ್ಲ. ಕಂಪ್ಯೂಟರಲ್ಲಿ ಸೇರಿಸೋಣ ಅಂತಿದ್ದರು. ಸಾಹಸ ನಿರ್ದೇಶಕ ಗೈ ನಾರಿಸ್ ಕೋಲಿನ ಬುಡಕ್ಕೆ ಭಾರ ಹಾಕಿ ತೂಕ ಸರಿದೂಗಿಸಿ, ಗಾಡಿ ಓಡಿಸಿಯೇ ತೋರಿಸಿದರು.

ಇಷ್ಟೆಲ್ಲಾ ನಿಜ. ಆದರೂ ಆ ಸಿನಿಮಾದಲ್ಲಿ ಇರುವ ಸುಮಾರು 2,700 ಶಾಟ್‌ಗಳಲ್ಲಿ 2,000ದಷ್ಟಕ್ಕೆ ಕಂಪ್ಯೂಟರ್ ಕೈ ತಾಗಿದೆ. ಯಾಕೆ ಅಂತೀರಾ? ಕೋಲಿನ ಮೇಲಿದ್ದವನಿಗೆ ಸೇಫ್ಟಿಗೆ ಕಟ್ಟಿದ ರೋಪ್ ಅಳಿಸಬೇಕು. ಒಂದೇ ದೃಶ್ಯ ಎರಡನೇ ಸಲ ತೆಗೆಯುವ ಹೊತ್ತಿಗೆ ಮರಳಿನ ಮೇಲೆ ಮೊದಲನೇ ಸಲದ ಟೈರ್ ಗುರುತು ಬಿದ್ದಿರುತ್ತೆ, ಅದನ್ನು ಅಳಿಸಬೇಕು. ಬೆಳಗ್ಗೆಯ ಆಕಾಶಕ್ಕೂ ಸಂಜೆಯ ಆಕಾಶಕ್ಕೂ ಹೊಂದಲ್ಲ, ಅದನ್ನು ಬದಲಾಯಿಸಬೇಕು. ನಾಯಕಿಯ ಪಾತ್ರಕ್ಕೆ ಅರ್ಧ ಎಡಗೈ ಇಲ್ಲ, ಅದಕ್ಕೆ ಚಾರ್ಲೀಜ್ ಥೆರಾನ್ ಎಡಗೈಗೆ ಹಸಿರು ತೋಳು ಹಾಕಿಕೊಂಡು ನಟಿಸಿದರು. ಆ ಕೈಯನ್ನು ಆಮೇಲೆ ತೆಗೆದುಹಾಕಿ, ಅದರ ಹಿಂದೆ ಏನಿರಬೇಕಿತ್ತೋ ಅದನ್ನು ತುಂಬಿದ್ದಾರೆ. ಮರಳಿನ ಬಿರುಗಾಳಿಯಂತೂ ಕಂಪ್ಯೂಟರಲ್ಲೇ ಎಬ್ಬಿಸಿದ್ದು. ಅಂದರೆ ನೀವು ಇಷ್ಟಪಟ್ಟ 'ನಿಜ' ಇದೆಯಲ್ಲ, ಅದು ನಿಜವಾಗಿ ಕಾಣೋಕೂ ನಮ್ಮಂಥವರು ಬೇಕು.

ಇನ್ನು ನಿಮ್ಮ ಮೊದಲನೇ ಮಾತಿಗೆ ಬರೋಣ. ಕಂಪ್ಯೂಟರ್ ಸಿನಿಮಾ ಅಂದರೆ ನನಗೆ ಮೊದಲು ನೆನಪಾಗೋದು 2013ರ 'ಗ್ರ್ಯಾವಿಟಿ'. ಇಲ್ಲಿ ಲಂಡನ್ ಪಕ್ಕದ ಶೆಪರ್ಟನ್ ಸ್ಟುಡಿಯೋದಲ್ಲೇ ತೆಗೆದಿದ್ದು. ಗ್ರಾಫಿಕ್ಸ್ ಮಾಡಿದ ಫ್ರೇಮ್‌ಸ್ಟೋರ್ ಕಂಪನಿ ಕೂಡ ಈ ಊರಿನದೇ. ಬಾಹ್ಯಾಕಾಶದಲ್ಲಿ ನಾಯಕಿ ಸ್ಯಾಂಡ್ರಾ ಬುಲಕ್ ತೇಲುತ್ತಿರುವ ಎಷ್ಟೋ ಶಾಟ್‌ಗಳಲ್ಲಿ ಮುಖ ಒಂದೇ ನಿಜ. ಬಟ್ಟೆ, ಹೆಲ್ಮೆಟ್ಟಿನ ಗಾಜು, ಆ ಗಾಜಿನ ಮೇಲೆ ಉಸಿರು ಬಿಟ್ಟಾಗ ಕಟ್ಟುವ ಮಂಜು, ಎಲ್ಲಾ ಆಮೇಲೆ ಸೇರಿಸಿದ್ದು.

ಆದರೆ ಆ ಒಂದು ಮುಖಕ್ಕೆ ಪಟ್ಟ ಪಾಡು ಕೇಳಿ. ಬಾಹ್ಯಾಕಾಶದಲ್ಲಿ ಮನುಷ್ಯ ಗಿರಗಿರ ಸುತ್ತಿದರೆ ಮುಖದ ಮೇಲೆ ಒಮ್ಮೆ ಸೂರ್ಯನ ಬಿರುಬೆಳಕು, ಒಮ್ಮೆ ಭೂಮಿಯಿಂದ ಬರುವ ನೀಲಿ ಬೆಳಕು, ಒಮ್ಮೆ ಪೂರ್ತಿ ಕತ್ತಲೆ. ಸ್ಯಾಂಡ್ರಾ ಬುಲಕ್ ಅವರನ್ನು ಹಾಗೆ ಸುತ್ತಿಸಿದರೆ ತಲೆ ತಿರುಗಿ ಬೀಳುತ್ತಾರೆ, ನಟಿಸೋದು ಎಲ್ಲಿ ಬಂತು. ಅದಕ್ಕೆ ಅವರನ್ನು ಹೆಚ್ಚುಕಮ್ಮಿ ಒಂದೇ ಕಡೆ ನಿಲ್ಲಿಸಿ ಬೆಳಕನ್ನೇ ಸುತ್ತಿಸಿದರು. ಸುಮಾರು 20 ಅಡಿ ಎತ್ತರದ ಒಂದು ಪೆಟ್ಟಿಗೆ. ಒಳಗೋಡೆ ತುಂಬ ಎಲ್‌ಇಡಿ ಪ್ಯಾನೆಲ್, ಒಟ್ಟು 196. ಒಂದೊಂದರಲ್ಲೂ 4,096 ಪುಟಾಣಿ ದೀಪ. ಭೂಮಿಯ ಚಿತ್ರವನ್ನೇ ಆ ಗೋಡೆಗಳ ಮೇಲೆ ಓಡಿಸುತ್ತಿದ್ದರು. ಕ್ಯಾಮೆರಾ ಹಿಡಿದಿದ್ದು ಕಾರು ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡುವಂಥ ರೋಬೋ ಕೈ. ರೋಬೋಗೆ 'ಸ್ವಲ್ಪ ತಡಿ' ಅನ್ನೋಕಾಗಲ್ಲ. ಹಾಗಾಗಿ ಮೊದಲೇ ಇಡೀ ಸಿನಿಮಾವನ್ನು ಕಂಪ್ಯೂಟರಲ್ಲಿ ಕಾರ್ಟೂನ್ ತರಹ ಮಾಡಿ, ಬೆಳಕು, ಕ್ಯಾಮೆರಾ, ಟೈಮಿಂಗ್ ಎಲ್ಲಾ ಗಟ್ಟಿ ಮಾಡಿಕೊಂಡು, ಆಮೇಲೆ ಶೂಟಿಂಗ್. ನಟಿ ಆ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಒಬ್ಬರೇ ಇರುತ್ತಿದ್ದರು. ರೋಬೋ ಮೂಗಿನ ಹತ್ತಿರ ಬರುವ ಕ್ಷಣಕ್ಕೆ ಸರಿಯಾಗಿ ಅಳಬೇಕು.

ಇನ್ನೊಂದು ನಿಮಗೆ ಇಷ್ಟ ಆಗುತ್ತೆ. ನೌಕೆಯೊಳಗೆ ತೇಲುವ ಕೆಲವು ದೃಶ್ಯಕ್ಕೆ ಆಕೆಯನ್ನು 12 ತಂತಿಗಳಲ್ಲಿ ತೂಗುಹಾಕಿದ್ದರು. ತಂತಿ ಆಡಿಸೋಕೆ ಕರೆಸಿದ್ದು ಯಾರನ್ನು ಗೊತ್ತಾ? ನಾಟಕದಲ್ಲಿ ಕುದುರೆ ಗೊಂಬೆ ಆಡಿಸುತ್ತಿದ್ದವರನ್ನು. ನಮ್ಮ ಸೂತ್ರದ ಗೊಂಬೆಯಾಟದ ಹಾಗೇ, ಗೊಂಬೆಯ ಜಾಗದಲ್ಲಿ ಹಾಲಿವುಡ್ ನಟಿ ಅಷ್ಟೇ. ಆ ತಂತಿಗಳನ್ನು ಕೂತು ಅಳಿಸಿದವರು ಯಾರೋ, ಅವರನ್ನು ನೆನೆದರೆ ನನಗೆ ಕತ್ತು ನೋಯುತ್ತೆ.

ಬೆಡ್‌ಫರ್ಡ್ ಕಡೆಗೆ ಹೋದರೆ ಕಾರ್ಡಿಂಗ್ಟನ್ ಅಂತ ಒಂದು ಊರು. ಹಳೇ ಕಾಲದಲ್ಲಿ ಗಾಳಿಹಡಗು ನಿಲ್ಲಿಸೋಕೆ ಕಟ್ಟಿದ ಭಾರೀ ಶೆಡ್‌ಗಳು ಇನ್ನೂ ಇವೆ. 2010ರ 'ಇನ್ಸೆಪ್ಷನ್'ನಲ್ಲಿ ಹೋಟೆಲ್ ಕಾರಿಡಾರಲ್ಲಿ ಗೋಡೆ ಮೇಲೆ, ಚಾವಣಿ ಮೇಲೆ ಹೊಡೆದಾಡುತ್ತಾರಲ್ಲ, ಆ ಕಾರಿಡಾರನ್ನು ಅಲ್ಲೇ ಕಟ್ಟಿದ್ದು. 100 ಅಡಿ ಉದ್ದ, ಇಡೀ ಕಾರಿಡಾರೇ ಸುತ್ತುತ್ತೆ. ಕ್ಯಾಮೆರಾವನ್ನು ನೆಲಕ್ಕೇ ಬಿಗಿದಿದ್ದಾರೆ, ಅದೂ ಜೊತೆಗೇ ಸುತ್ತುತ್ತೆ. ಹಾಗಾಗಿ ಕ್ಯಾಮೆರಾ ಕಣ್ಣಿಗೆ ಕಾರಿಡಾರ್ ನಿಂತೇ ಇದೆ, ಮನುಷ್ಯರೇ ಗೋಡೆ ಹತ್ತುತ್ತಿದ್ದಾರೆ. ಉಪಾಯ ಹಳೆಯದು. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಲಂಡನ್ ಪಕ್ಕದ ಬೋರಮ್‌ವುಡ್‌ನ ಸ್ಟುಡಿಯೋದಲ್ಲಿ 38 ಅಡಿ ವ್ಯಾಸದ ಚಕ್ರ ಕಟ್ಟಿ ಹೀಗೇ ತಿರುಗಿಸಿದ್ದರು. ಕಟ್ಟಿಕೊಟ್ಟಿದ್ದು ವಿಕರ್ಸ್, ವಿಮಾನ ಮಾಡುವ ಕಂಪನಿ. ಅದೇ ಊರಿನ ಇನ್ನೊಂದು ಸ್ಟುಡಿಯೋದಲ್ಲಿ 1976ರಲ್ಲಿ ಮೊದಲನೇ 'ಸ್ಟಾರ್ ವಾರ್ಸ್' ಶೂಟಿಂಗ್ ನಡೆಯಿತು. ಆ ಸ್ಟುಡಿಯೋ ಜಾಗದ ಒಂದು ಭಾಗದಲ್ಲಿ ಈಗ ಟೆಸ್ಕೋ ಅಂಗಡಿ. ಅಮ್ಮ, ಅಲ್ಲಿ ಸೋನಾ ಮಸೂರಿ ಸಿಗಲ್ಲ, ಬಾಸುಮತಿ ಮಾತ್ರ.

ಕಾರು ಪಲ್ಟಿ ಹೊಡೆಯೋದರ ಬಗ್ಗೆಯೂ ಕೇಳಿದ್ದಿರಿ. 2006ರ ಜೇಮ್ಸ್ ಬಾಂಡ್ ಸಿನಿಮಾಕ್ಕೆ ಬೆಡ್‌ಫರ್ಡ್‌ಶೈರ್‌ನ ಮಿಲ್‌ಬ್ರುಕ್ ಟ್ರ್ಯಾಕಿನಲ್ಲಿ ಒಂದು ಕಾರು ಸತತವಾಗಿ ಏಳು ಸುತ್ತು ಉರುಳಿತು, ಗಿನ್ನೆಸ್ ದಾಖಲೆ ಆಯಿತು. ಒಳಗೆ ಆಡಮ್ ಕಿರ್ಲಿ ಅನ್ನುವ ಸ್ಟಂಟ್ ಚಾಲಕ ಕೂತೇ ಇದ್ದರು. ಕಾರು ತುಂಬ ತಗ್ಗು, ಇಳಿಜಾರು ಹತ್ತಿಸಿದರೂ ಮಗುಚಿಕೊಳ್ಳುತ್ತಿರಲಿಲ್ಲ. ಕೊನೆಗೆ ಗಾಳಿಯ ಒತ್ತಡದಿಂದ ನೆಲವನ್ನು ಒದೆಯುವ ಒಂದು ಫಿರಂಗಿಯನ್ನೇ ಕಾರಿಗೆ ಜೋಡಿಸಿದರು. ಇದನ್ನು ಅಮ್ಮನಿಗೆ ಓದಿ ಹೇಳಬೇಡಿ, ನಾನೇ ಕಾರಲ್ಲಿ ಕೂತಿದ್ದೆ ಅಂದುಕೊಂಡಾಳು.

ನಾವು ಸೆಟ್ಟಿಗೆ ಹೋಗೋದು ಕಡಿಮೆ. ಒಮ್ಮೆ ಹೋದಾಗ ಒಬ್ಬ ಹುಡುಗನ ಪಾಡು ನೋಡಿದೆ. ಶಾಟ್ ಓಕೆ ಆದ ತಕ್ಷಣ ಲೈಟ್‌ನವರು ಲೈಟ್ ಕೀಳೋಕೆ ಶುರುಮಾಡುತ್ತಾರೆ. ಅಷ್ಟರೊಳಗೆ ಇವನು ಕೋಲಿಗೆ ಸಿಕ್ಕಿಸಿದ ಎರಡು ಚೆಂಡು ಹಿಡಿದು ಕ್ಯಾಮೆರಾ ಮುಂದೆ ಓಡಬೇಕು. ಒಂದು ಬೂದು ಬಣ್ಣದ್ದು, ಇನ್ನೊಂದು ಸ್ಟೀಲಿನ ಹಾಗೆ ಹೊಳೆಯುವುದು. ಬೂದು ಚೆಂಡಿನ ಮೇಲೆ ಬೆಳಕು ಯಾವ ಕಡೆಯಿಂದ ಬರುತ್ತೆ, ನೆರಳು ಎಷ್ಟು ಗಾಢ ಅಂತ ಗೊತ್ತಾಗುತ್ತೆ. ಹೊಳೆಯುವ ಚೆಂಡಿನಲ್ಲಿ ಇಡೀ ಸೆಟ್ಟೇ ಕಾಣುತ್ತೆ, ಯಾವ ಲೈಟ್ ಎಲ್ಲಿದೆ ಅನ್ನೋದು ಸಮೇತ. ಆಮೇಲೆ ಅಲ್ಲಿ ಒಂದು ಯಂತ್ರಮಾನವನನ್ನು ನಿಲ್ಲಿಸಬೇಕಾದರೆ ಅದೇ ಬೆಳಕನ್ನು ಅವನ ಮೇಲೆ ಬೀಳಿಸಬೇಕಲ್ಲ. ಎಲ್ಲರಿಗೂ ಮನೆಗೆ ಹೋಗುವ ಅವಸರ, ಇವನು 'ಹತ್ತೇ ಸೆಕೆಂಡ್, ಪ್ಲೀಸ್' ಅಂತ ಬೇಡಿಕೊಳ್ಳುತ್ತಿದ್ದ. ಹತ್ತು ಸೆಕೆಂಡ್ ಸಿಗದಿದ್ದರೆ ಯಾರೋ ಹತ್ತು ದಿನ ಊಹೆ ಮೇಲೆ ಕೆಲಸ ಮಾಡಬೇಕು.

ನನಗೆ ಬೇಜಾರಾಗೋದು ಇಷ್ಟೇ. ಈಗ ಸಿನಿಮಾ ಪ್ರಚಾರದಲ್ಲಿ 'ನಾವು ಕಂಪ್ಯೂಟರ್ ಮುಟ್ಟೇ ಇಲ್ಲ' ಅಂತ ಹೇಳಿಕೊಳ್ಳೋದು ಫ್ಯಾಷನ್. ಮೇಕಿಂಗ್ ವಿಡಿಯೋದಲ್ಲಿ ಹಾರುವ ಕಾರು ತೋರಿಸುತ್ತಾರೆ, ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಚಿತ್ರದಲ್ಲಿನ ಕೂದಲ ಎಳೆ ಬಿಡಿಸಿದವರನ್ನು ತೋರಿಸಲ್ಲ. ಕೂತವರನ್ನು ತೋರಿಸಿದರೆ ನೋಡೋರು ಯಾರು, ಅದೂ ಸರಿಯೇ. ಆದರೆ ಹಾಗೆ ಕೂತವರಲ್ಲಿ ಎಷ್ಟೋ ಜನ ನಮ್ಮ ದೇಶದವರೇ. ಮನುಷ್ಯರ ಅಂಚು ಹಿಡಿದು ಗೆರೆ ಎಳೆದು, ಹಿನ್ನೆಲೆಯಿಂದ ಬೇರ್ಪಡಿಸೋಕೆ ರೋಟೋ ಅನ್ನುತ್ತಾರೆ. ಮುಂಬೈ, ಚೆನ್ನೈ, ಹೈದರಾಬಾದ್, ನಮ್ಮ ಬೆಂಗಳೂರಲ್ಲೂ ಆ ಕೆಲಸ ನಡೆಯುತ್ತೆ. ನಾನು ಬೆಳಗ್ಗೆ ಬರುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಆಗಿರುತ್ತೆ, ಕೆಲಸ ಬಂದು ಕೂತಿರುತ್ತೆ. ಗಾಳಿಗೆ ಹಾರುವ ಕೂದಲನ್ನು ಎಷ್ಟು ಅಚ್ಚುಕಟ್ಟಾಗಿ ಬಿಡಿಸಿರುತ್ತಾರೆ ಅಂದರೆ, ನನ್ನ ಅರ್ಧ ಕೆಲಸ ಅವರೇ ಮುಗಿಸಿರುತ್ತಾರೆ. ಸಿನಿಮಾ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಎಲ್ಲರಿಗೂ ಜಾಗ ಸಿಗಲ್ಲ. ನೀವಂತೂ ಹೆಸರು ಶುರುವಾದ ತಕ್ಷಣ ಟಿವಿ ಆರಿಸುತ್ತೀರಿ. ಇನ್ನು ಮೇಲೆ ಸ್ವಲ್ಪ ಕೂತಿರಿ.

ಪುಟ್ಟನಿಗೆ ಒಂದು ಮಾತು ಓದಿ ಹೇಳಿ. ಫೋನಲ್ಲಿ ಡಬಲ್ ರೋಲ್ ತೆಗೆಯೋದು ಹೇಗೆ ಅಂತ ಕೇಳಿದ್ದ. ತಾತ ನೂರು ಸಲ ನೋಡಿರುವ 'ಬಭ್ರುವಾಹನ' ಹಾಕಿಸಿಕೊಂಡು ನೋಡೋಕೆ ಹೇಳಿ. 1977ರದ್ದು, ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಆ ಕಾಲದಲ್ಲಿ ಡಬಲ್ ರೋಲ್ ತೆಗೆಯುವ ಒಂದು ವಿಧಾನ ಹೀಗಿತ್ತು: ಲೆನ್ಸಿನ ಅರ್ಧ ಮುಚ್ಚಿ ಒಮ್ಮೆ ತೆಗೆದು, ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯೋದು. ಪುಟ್ಟನಿಗೆ ಫೋನ್ ಆ್ಯಪಲ್ಲೇ ಎರಡು ವಿಡಿಯೋ ಜೋಡಿಸೋಕೆ ಬರುತ್ತೆ, ಕಷ್ಟ ಇಲ್ಲ. ಫೋನನ್ನು ಕಿಟಕಿ ಕಟ್ಟೆ ಮೇಲೆ ಟೇಪ್ ಹಾಕಿ ಅಂಟಿಸಲಿ, ಅದು ಕೂದಲೆಳೆಯಷ್ಟೂ ಅಲ್ಲಾಡಬಾರದು. ನೆಲದ ಮಧ್ಯೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು ಆಚೆಗೆ ಕೈ ಚಾಚದೆ ನಟಿಸಲಿ, ಆಮೇಲೆ ಗೆರೆ ಅಳಿಸೋಕೆ ನನ್ನನ್ನು ಕರೆಯಬೇಡಿ. ಎರಡನೇ ಸಲಕ್ಕೆ ಬಟ್ಟೆ ಬದಲಾಯಿಸಿ ಬೇಗ ಬರಲಿ. ಬಿಸಿಲು ಸರಿದರೆ ಎರಡು ಕಡೆಯ ನೆರಳಿಗೂ ತಾಳಮೇಳ ಇರಲ್ಲ. ಎದುರಿನವನು ಎಷ್ಟು ಎತ್ತರ ಇದ್ದಾನೋ ಅಲ್ಲಿಗೇ ದೃಷ್ಟಿ ಇಡೋದು ಮುಖ್ಯ, ಅದಕ್ಕೆ ಅಪ್ಪ, ನೀವು ಗೆರೆಯಾಚೆ ನಿಂತು ಅವನ ಕಣ್ಣಿಗೆ ಸರಿಯಾಗಿ ಒಂದು ಕೋಲು ಹಿಡಿಯಿರಿ. ತೆಗೆದದ್ದನ್ನು ವಾಟ್ಸಾಪಲ್ಲಿ ಕಳಿಸಿ. ತಪ್ಪು ಹುಡುಕೋದು ನನಗೆ ಬಿಡಿ.

ನಿಮ್ಮ ಮಗಳು