ಮಗಳಿಗೊಂದು ಪತ್ರ: ಆ ರಮಾಬಾಯಿ ನಮ್ಮ ಘಟ್ಟದವಳು

ಕಾರ್ಕಳ
ಮೇ 9

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಅರ್ಧ ಗಂಟೆ ಮಾತಾಡಿದೆ, ನಾನು ಹೂಂ ಹೂಂ ಅಂದೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಕೇಳಿಸಲಿಲ್ಲ. ಕಿವಿಗೆ ಹೊಸ ಮಿಷನ್ ಹಾಕಿದ ಮೇಲೆ ಮಿಕ್ಸಿ ಸದ್ದು ಕೇಳಿಸುತ್ತದೆ, ಕಾಗೆ ಕೂಗು ಕೇಳಿಸುತ್ತದೆ, ಫೋನಿನಲ್ಲಿ ಮಗಳ ಮಾತು ಮಾತ್ರ ಇಲ್ಲ. ಅದಕ್ಕೇ ಈ ಕಾಗದ. ಫೋಟೊ ಹೊಡೆದು ವಾಟ್ಸಾಪ್ ಮಾಡು ಅಂತ ನಿನ್ನ ತಮ್ಮನಿಗೆ ಹೇಳಿದ್ದೇನೆ.

ಒಂದು ಸಂಗತಿ ಮಾತ್ರ ಸರಿಯಾಗಿ ಕೇಳಿಸಿತು. ಏಪ್ರಿಲ್ 30ರ ಸಂಜೆ ನೀನು ಆಕ್ಸ್‌ಫರ್ಡಿನಲ್ಲಿ ಪ್ರಾರ್ಥನೆಗೆ ಹೋಗಿದ್ದೆ, ಅಲ್ಲಿ ಪಾದ್ರಿಗಳು ‘ಪಂಡಿತಾ ಮೇರಿ ರಮಾಬಾಯಿ’ ಅಂತ ಹೆಸರು ಓದಿ ನಿನ್ನ ಮುಖ ನೋಡಿದರು, ನಿನಗೆ ಏನೂ ಗೊತ್ತಿರಲಿಲ್ಲ ಅಂದೆ. ತಪ್ಪು ನನ್ನದೇ. ನಾವು ಸಿ.ಎಸ್.ಐ.ನವರಾದರೂ, ಅಂದರೆ ದಕ್ಷಿಣ ಭಾರತ ಸಭೆಯವರಾದರೂ, ಬಾಸೆಲ್ ಮಿಷನ್ ಅನ್ನುವ ಸ್ವಿಸ್ ಪ್ರೊಟೆಸ್ಟಂಟ್ ಮಿಷನರಿಗಳ ಕಡೆಯವರು. ಸಂತರ ದಿನಗಳ ಅಭ್ಯಾಸ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಮೊದಲು ಒಂದು ಮಾತು. ರೋಮಿನ ಸಭೆಯ ಹಾಗೆ ಪವಾಡ ತೋರಿಸಿ ಸಂತ ಪದವಿ ಕೊಡುವ ಪದ್ಧತಿ ಆಂಗ್ಲಿಕನ್ನರಲ್ಲಿ, ಅಂದರೆ ಇಂಗ್ಲೆಂಡಿನ ಸಭೆಯ ಪರಂಪರೆಯವರಲ್ಲಿ, ಇಲ್ಲ. ಸಿನೊಡ್, ಅಂದರೆ ಸಭೆಯ ಆಡಳಿತ ಮಂಡಳಿ, ಒಪ್ಪಿದರೆ ಹೆಸರು ಸಭೆಯ ಪಂಚಾಂಗಕ್ಕೆ ಸೇರುತ್ತದೆ, ಅಷ್ಟೇ. ಇಂಗ್ಲೆಂಡಿನವರು ರಮಾಬಾಯಿಯನ್ನು ಏಪ್ರಿಲ್ 30ಕ್ಕೆ ನೆನೆಯುತ್ತಾರೆ, ಅಮೆರಿಕದವರು ಆಕೆ ತೀರಿಕೊಂಡ ಏಪ್ರಿಲ್ 5ಕ್ಕೆ. ಇಂಗ್ಲೆಂಡಿನ ಪಂಚಾಂಗದಲ್ಲಿ ಹೆಸರಿನ ಮುಂದೆ ‘ಧರ್ಮಗ್ರಂಥದ ಅನುವಾದಕಿ’ ಅಂತ ಒಂದು ಸಾಲು. ಆ ಸಾಲಿನಲ್ಲಿ ಏನೆಲ್ಲ ಬಿಟ್ಟುಹೋಗಿದೆ ಗೊತ್ತಾ?

ಆಕೆಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಮಾಳದವರು. ಹೌದು, ಚೆಕ್‌ಪೋಸ್ಟ್ ಇರುವ ಅದೇ ಮಾಳ. ಕುದುರೆಮುಖಕ್ಕೆ ಹೋಗುವಾಗ ನಿನಗೆ ಪ್ರತಿ ಸಲ ವಾಂತಿ ಬರುತ್ತಿತ್ತಲ್ಲ, ಆ ದಾರಿ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸುತ್ತೇನೆ ಅಂತ ಹೊರಟರು ಶಾಸ್ತ್ರಿಗಳು. ಊರವರು ಸುಮ್ನೆ ಬಿಡುತ್ತಾರಾ? ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಂಗಸರು ಓದಿದರೆ ತಪ್ಪಿಲ್ಲ ಅಂತ ಶಾಸ್ತ್ರ ತೋರಿಸಿ ವಾದ ಮಾಡಬೇಕಾಯಿತು. ಆಮೇಲೆ ಘಟ್ಟ ಹತ್ತಿ, ತುಂಗಾ ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ರಮಾ ಹುಟ್ಟಿದ್ದು ಅಲ್ಲಿ, 1858ರ ಏಪ್ರಿಲ್‌ನಲ್ಲಿ. ಆರು ತಿಂಗಳಾದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬ ತಲೆ ಮೇಲೆ ಹೊತ್ತು ಘಟ್ಟ ಇಳಿದನಂತೆ. ಆಕೆಯೇ ಬರೆದುಕೊಂಡಿದ್ದಾಳೆ. ಆ ಪೆಟ್ಟಿಗೆಯ ಚಿತ್ರ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಅಪ್ಪನಿಗೆ ವಯಸ್ಸಾಗಿತ್ತು. ಹಾಗಾಗಿ ಮಗಳಿಗೆ ಪಾಠ ಹೇಳಿದ್ದು ಅಮ್ಮ. ನಸುಕಿಗೇ ಎಬ್ಬಿಸಿ ಬಾಯಿಪಾಠ ಮಾಡಿಸಿದಳು. ಭಾಗವತದ 18,000 ಶ್ಲೋಕ! ನಿನಗೆ ಮಗ್ಗಿ ಕಲಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ಆಮೇಲೆ 1870ರ ದಶಕದ ಬರ. ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ದೇಶ ಸುತ್ತಿದರು. ಝೀಲಂ ದಂಡೆಯಲ್ಲಿ ಹೊದಿಯಲು ಏನೂ ಇಲ್ಲದೆ, ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆ ಒಂದು ಬಿಟ್ಟು ಮೈಯೆಲ್ಲ ಮರಳು ಮುಚ್ಚಿಕೊಂಡು ಮಲಗಿದ್ದರು. ಅದೇ ಹುಡುಗಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು.

ಅಣ್ಣ ಸತ್ತ. ಬಂಗಾಳದ ವಕೀಲನೊಬ್ಬನನ್ನು ಮದುವೆಯಾದಳು, ಅವನೂ 1882ರಲ್ಲಿ ಕಾಲರಾದಿಂದ ಸತ್ತ. ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ. ಡಾಕ್ಟರಿಕೆ ಓದಬೇಕು ಅಂತ 1883ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದು ವಾಂಟೇಜ್‌ನ ಆಂಗ್ಲಿಕನ್ ಕನ್ಯಾಮಠದಲ್ಲಿ ಇಳಿದಳು. ಆದರೆ ಕಿವಿ ಮಂದವಾಗುತ್ತಾ ಬಂದಿತ್ತು. ಡಾಕ್ಟರಿಕೆ ಅಲ್ಲಿಗೇ ಮುಗಿಯಿತು. (ಈ ಭಾಗ ಓದಿದಾಗ ನಾನು ಕಿವಿಯ ಮಿಷನ್ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.) ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ತಾಯಿ ಮಗಳಿಗೆ ದೀಕ್ಷಾಸ್ನಾನವಾಯಿತು.

ಇನ್ನು ಮುಂದಿನದ್ದು ನನಗೆ ಬಹಳ ಇಷ್ಟ. ಸಭೆ ಸೇರಿದಳು, ಆದರೆ ತಲೆ ಬಗ್ಗಿಸಿ ಕೂರಲಿಲ್ಲ. ಮೊಟ್ಟೆ ಹಾಕಿದ ಪುಡಿಂಗ್ ಮುಟ್ಟುವುದಿಲ್ಲ ಅಂದಳು. ಆಕೆಯ ಜವಾಬ್ದಾರಿ ಹೊತ್ತಿದ್ದ ಸಿಸ್ಟರ್ ಜೆರಾಲ್ಡೀನ್‌ಗೆ ಅದು ಜಾತಿಯ ಸೊಕ್ಕಿನ ಹಾಗೆ ಕಂಡಿತು. ಮೀನಿಲ್ಲದೆ ಊಟ ಇಳಿಯದ ನಾನು ಈ ವಿಷಯದಲ್ಲಿ ರಮಾಬಾಯಿ ಪಕ್ಷ! ತಿನ್ನುವುದು ಬಿಡುವುದು ಅವಳಿಷ್ಟ, ಅಲ್ವಾ? ಶಿಲುಬೆಯ ಮೇಲೆ ಲ್ಯಾಟಿನ್ ಮಾತು ಕೆತ್ತಿದ್ದಕ್ಕೂ ತಕರಾರು. ನಮ್ಮವರಿಗೆ ತಿಳಿಯದ ಲ್ಯಾಟಿನ್ ಯಾಕೆ, ಸಂಸ್ಕೃತಕ್ಕಿಂತ ಅದರಲ್ಲಿ ಏನು ಹೆಚ್ಚಿದೆ ಅಂತ ಕೇಳಿದಳು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ ಆಕೆ ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಬೇಡ ಅಂದರು. ಅದಕ್ಕೂ ಕಾಗದ ಬರೆದು ಜಗಳಾಡಿದಳು. ನಮ್ಮ ಪುರೋಹಿತರ ನೊಗ ಕಷ್ಟಪಟ್ಟು ಇಳಿಸಿದ್ದೇನೆ, ಅಂಥದ್ದೇ ಇನ್ನೊಂದನ್ನು ಹೆಗಲಿಗೇರಿಸಿಕೊಳ್ಳಲಾರೆ ಅನ್ನುವ ಅರ್ಥದ ಮಾತು ಆ ಕಾಗದಗಳಲ್ಲಿದೆ.

ಊರಿಗೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದಳು. ಹುಡುಗಿಯರು ಇವಳ ಪ್ರಾರ್ಥನೆಗೆ ಹೋಗಿ ಕೂರುತ್ತಾರೆ ಅಂತ ಗಲಾಟೆಯಾಗಿ ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಸಿಟ್ಟಿನಲ್ಲೂ ಹುರುಳಿತ್ತು ಅಂತ ನನಗನ್ನಿಸುತ್ತದೆ. ಯಾರ ಮಗಳಾದರೂ ತಾಯಿಗೆ ಹೆದರಿಕೆ ಇದ್ದೇ ಇರುತ್ತದೆ. 1896ರ ಬರದಲ್ಲಿ ತಾನು ಉಪವಾಸ ಬಿದ್ದ ದಿನಗಳು ನೆನಪಾಗಿರಬೇಕು, ನೂರಾರು ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆತಂದಳು. ಅಲ್ಲೇ ಮುಕ್ತಿ ಸದನ. 1900ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನ.

ಪಂಚಾಂಗ ಹೇಳುವ ಅನುವಾದ ಇದಾದ ಮೇಲಿನದ್ದು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದಳು, ಹಳ್ಳಿ ಹೆಂಗಸರಿಗೆ ತಿಳಿಯುವ ಮರಾಠಿಗೆ. ಭಾಗವತ ಬಾಯಿಗೆ ಬರುತ್ತಿದ್ದವಳು ದೊಡ್ಡ ದೊಡ್ಡ ಸಂಸ್ಕೃತ ಪದ ಬೇಕೆಂದೇ ಬಿಟ್ಟಳು. ಮುಕ್ತಿಯ ಹೆಂಗಸರೇ ತಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿದರು. ಮನೋರಮಾ ನಮ್ಮ ಗುಲ್ಬರ್ಗಾಕ್ಕೆ ಬಂದು ಹೈಸ್ಕೂಲು ನಡೆಸಿದಳು. ಆದರೆ 1921ರಲ್ಲಿ ತಾಯಿಗಿಂತ ಮೊದಲೇ ಹೋಗಿಬಿಟ್ಟಳು. ಮುಂದಿನ ಏಪ್ರಿಲ್‌ನಲ್ಲಿ ತಾಯಿ. ಆ ಎಂಟು ತಿಂಗಳ ಬಗ್ಗೆ ನನಗೆ ಬರೆಯಲಾಗುವುದಿಲ್ಲ ಮಗಾ.

ಆಕ್ಸ್‌ಫರ್ಡಿನಿಂದ ವಾಂಟೇಜ್ ಹತ್ತಿರವೇ ಇದೆ. ಬಿಡುವಾದಾಗ ಬಸ್ಸು ಹತ್ತು, ಒಂದು ಫೋಟೊ ಕಳಿಸು. ಹಲಸಿನ ಹಪ್ಪಳ ತಾರಸಿ ಮೇಲೆ ಒಣಗುತ್ತಾ ಇದೆ, ಮಳೆ ಬರುವ ಮೊದಲು ಪಾರ್ಸೆಲ್ ಮಾಡುತ್ತೇನೆ. ಮತ್ತೆ, ಫೋನಿನಲ್ಲಿ ನಿನ್ನ ಗೈಡ್ ಜೊತೆ ಏನೋ ಜಗಳ ಅಂದ ಹಾಗಿತ್ತು. ಯಾವುದಕ್ಕೆ ಅಂತ ಕೇಳಿಸಲಿಲ್ಲ. ನೀನು ಏನು ಅಂದೆ, ಅವರು ಏನು ಅಂದರು, ಎಲ್ಲ ಬರೆದು ಕಳಿಸು.

ನಿನ್ನ
ಅಮ್ಮ