ಸೈಜ್ ಒಂದೇ ಆದ್ರೆ ಸಾಲ್ದು, ಫ್ಲಾಪಿ ತಗೊಳ್ಳೋ ಮುಂಚೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಹಳೇ ಕಂಪ್ಯೂಟರ್ ಹೊರಗೆ ತೆಗೆದು ಮತ್ತೆ ಚಾಲೂ ಮಾಡೋರು ಈಗ ಎಷ್ಟೋ ಜನ ಇದಾರೆ, ಆದ್ರೆ ಅದಕ್ಕೆ ಯಾವ ಫ್ಲಾಪಿ (ಫೈಲ್ ಇಡೋ ತೆಳು ಡಿಸ್ಕ್) ತಗೋಬೇಕು ಅಂತ ಸರಿಯಾಗಿ ಹೇಳೋರು ಸಿಗಲ್ಲ. ಮಾರೋರನ್ನ ಕೇಳಿದ್ರೆ ಸೈಜ್ ಒಂದೇ, ಹಾಕಿ ನೋಡಿ ಅಂತಾರೆ. ದಯವಿಟ್ಟು ಆ ಮಾತು ನಂಬ್ಬೇಡಿ. ಸೋನಿಯವರು 2011ರಲ್ಲೇ ಫ್ಲಾಪಿ ಮಾರೋದು ನಿಲ್ಸಿದ್ರು, ಈಗ ಸಿಗೋದೆಲ್ಲ ಹಳೇ ಸ್ಟಾಕು, ಅದ್ರಲ್ಲೂ ಜಾಸ್ತಿ ಎಚ್‌ಡಿನೇ (ಹೈ ಡೆನ್ಸಿಟಿ, ಹೆಚ್ಚು ಹಿಡಿಸೋದು), ಎಷ್ಟೋ ಹಳೇ ಮಿಷಿನ್‌ಗೆ ಬೇಕಾಗಿರೋದು ಡಿಡಿ (ಡಬಲ್ ಡೆನ್ಸಿಟಿ, ಕಮ್ಮಿ ಹಿಡಿಸೋದು).

ಮೂರೂವರೆ ಇಂಚಿಂದು ಗುರುತು ಹಿಡಿಯೋದು ಸುಲಭ. ಒಂದು ಮೂಲೇಲಿ ಆಕಡೆ ಈಕಡೆ ಜಾರೋ ಪ್ಲಾಸ್ಟಿಕ್ ತುಂಡು ಇರುತ್ತೆ, ಅದು ರೈಟ್ ಪ್ರೊಟೆಕ್ಟ್, ಅಂದ್ರೆ ಡಿಸ್ಕ್ ಮೇಲೆ ಬರೆಯೋದನ್ನ ತಡೆಯೋದು. ಅದರ ಎದುರು ಮೂಲೇಲೂ ಒಂದು ಚೌಕದ ತೂತು ಇದ್ರೆ ಎಚ್‌ಡಿ, 1.44 ಎಂಬಿ. ತೂತು ಇಲ್ಲ ಅಂದ್ರೆ ಡಿಡಿ, ಪಿಸಿಲಿ 720 ಕೆಬಿ, ಅಮಿಗಾ ಅನ್ನೋ ಹಳೇ ಕಂಪ್ಯೂಟರ್‌ನಲ್ಲಿ 880. ಅಮಿಗಾ, ಅಟಾರಿ ಎಸ್‌ಟಿಯ ಡಿಡಿ ಡ್ರೈವ್‌ಗಳು ಆ ತೂತು ನೋಡೋದೇ ಇಲ್ಲ, ಎಚ್‌ಡಿ ಹಾಕಿದ್ರೂ ಡಿಡಿ ಅಂತ್ಲೇ ಬರೀತವೆ, ಆಮೇಲೆ 720ಕ್ಕೆ ಫಾರ್ಮ್ಯಾಟ್ ಆಗಿರೋ ಆ ಡಿಸ್ಕನ್ನೇ ಪಿಸಿಯ 1.44 ಡ್ರೈವ್‌ಗೆ ಹಾಕಿದ್ರೆ ಅದು ತೂತು ನೋಡಿ ಎಚ್‌ಡಿ ಅಂದ್ಕೊಂಡು ಎರರ್ ಕೊಡುತ್ತೆ. ತೂತಿಗೆ ಟೇಪ್ ಅಂಟಿಸಿ ಕೆಲಸ ನಡೆಸ್ಬಹುದು, ಆದ್ರೆ ಮುಖ್ಯವಾದ ಫೈಲ್‌ನ ಅದ್ರಲ್ಲಿಟ್ಟು ನೆಚ್ಕೋಬೇಡಿ.

ನಿಜವಾದ ತಾಪತ್ರಯ ಇರೋದು ಐದೂಕಾಲು ಇಂಚಿನದ್ರಲ್ಲಿ. 360 ಕೆಬಿಯ ಡಿಡಿದೂ 1.2 ಎಂಬಿಯ ಎಚ್‌ಡಿದೂ ನೋಡೋಕೆ ಒಂದೇ ಥರ, ಡ್ರೈವ್‌ಗೆ ಗೊತ್ತಾಗೋ ಹಾಗೆ ಯಾವ ತೂತೂ ಇಲ್ಲ. ಮಧ್ಯದ ದೊಡ್ಡ ತೂತಿನ ಅಂಚಿಗೆ ಗಟ್ಟಿ ರಿಂಗ್ ಇದ್ರೆ ಸಾಮಾನ್ಯವಾಗಿ ಡಿಡಿ, ಆದ್ರೂ ಲೇಬಲ್ ಓದೇ ತಗೊಳ್ಳಿ. ಎಚ್‌ಡಿ ಲೇಪನಕ್ಕೆ ಡಿಡಿಯ ಹೆಚ್ಚುಕಮ್ಮಿ ಎರಡರಷ್ಟು ಕಾಂತಶಕ್ತಿ ಬೇಕು, 360 ಡ್ರೈವ್‌ನ ಹೆಡ್‌ಗೆ (ಓದಿ ಬರೆಯೋ ಭಾಗಕ್ಕೆ) ಅಷ್ಟು ಬಲ ಇಲ್ಲ, ಅದಕ್ಕೇ ಅದ್ರಲ್ಲಿ ಎಚ್‌ಡಿ ಹಾಕಿ ಫಾರ್ಮ್ಯಾಟ್ ಮಾಡುವಾಗ್ಲೇ ಬ್ಯಾಡ್ ಸೆಕ್ಟರ್ (ಕೆಲಸಕ್ಕೆ ಬಾರದ ಜಾಗ) ಸಾಲು ಸಾಲಾಗಿ ಬರುತ್ತೆ, ಜನ ಡ್ರೈವ್ ಹಾಳಾಗಿದೆ ಅಂತ ಬಿಚ್ಚೋಕೆ ಕೂರ್ತಾರೆ.

ಇನ್ನೊಂದು, 1.2 ಡ್ರೈವ್‌ದು 80 ಟ್ರ್ಯಾಕು (ಡೇಟಾ ಬರೆಯೋ ಸುತ್ತುಗೆರೆ), 360ದು 40. ಅಂದ್ರೆ 1.2 ಡ್ರೈವ್ ಬರೆಯೋ ಗೆರೆ ಸಣ್ಣದು. ಈಗಾಗ್ಲೇ 360 ಡ್ರೈವ್‌ನಲ್ಲಿ ಬರೆದಿರೋ ಡಿಸ್ಕ್ ಮೇಲೆ ಇದ್ರಲ್ಲಿ ಬರೆದ್ರೆ ಅಗಲದ ಹಳೇ ಗೆರೆ ಎರಡೂ ಅಂಚಲ್ಲಿ ಉಳ್ಕೊಳ್ಳುತ್ತೆ, ವಾಪಸ್ 360ಗೆ ಹಾಕಿದಾಗ ಹೆಡ್ ಹಳೇದು ಹೊಸದು ಎರಡನ್ನೂ ಒಟ್ಟಿಗೆ ಓದಿ ಕಂಗಾಲಾಗುತ್ತೆ. ಒಮ್ಮೆಯೂ ಫಾರ್ಮ್ಯಾಟ್ ಆಗದ ಡಿಡಿ ಡಿಸ್ಕ್ ತಗೊಂಡು 1.2 ಡ್ರೈವ್‌ನಲ್ಲಿ 360ಕ್ಕೇ ಫಾರ್ಮ್ಯಾಟ್ ಮಾಡಿ ಬರೆದ್ರೆ ಈ ತೊಂದರೆ ಕಮ್ಮಿ, 360 ಡ್ರೈವ್‌ನಲ್ಲೇ ಬರೆದ್ರಂತೂ ಇನ್ನೂ ಒಳ್ಳೇದು.

ಬಳಸಿದ ಡಿಸ್ಕ್ ತಗೊಳ್ಳೋದಾದ್ರೆ ಶಟರ್ (ಮೂರೂವರೆ ಇಂಚಿನದ್ರ ಜಾರೋ ಮುಚ್ಚಳ) ಸರಿಸಿ ಬೆಳಕಿಗೆ ಹಿಡಿದು, ಡಿಸ್ಕ್ ನಿಧಾನ ತಿರುಗಿಸಿ ನೋಡಿ. ಮಂಜು ಕವಿದಂಗೆ ಮಚ್ಚೆ ಕಂಡ್ರೆ ಅದು ಬೂಷ್ಟು, ಅಂಥದ್ದನ್ನ ಹಾಕಿದ್ರೆ ಹೆಡ್ ಮೇಲೆ ಕೊಳೆ ಕೂತು ಆಮೇಲೆ ಹಾಕೋ ಒಳ್ಳೇ ಡಿಸ್ಕೂ ಗೀಚಿಹೋಗುತ್ತೆ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇದರ ಬಗ್ಗೆ ಒಂದು ಲೇಖನ ಚಿತ್ರ ಸಮೇತ ಹಾಕಿ ಅಂತ ಕೇಳ್ಕೊತೀನಿ. ಮನೇಲೋ ಆಫೀಸ್ ಬೀರುವಲ್ಲೋ ಡಿಡಿ ಅಂತ ಬರೆದಿರೋ ಒಡೆಯದ ಬಾಕ್ಸ್ ಇದ್ರೆ ಓದುಗರು ಕಸಕ್ಕೆ ಹಾಕ್ದೆ ಬೇಕಾದವ್ರಿಗೆ ಕೊಡಿ, ಹೊಸದಾಗಿ ಯಾರೂ ಅದನ್ನ ತಯಾರು ಮಾಡ್ತಿಲ್ಲ.

ಇಂತಿ,
ನಿಮ್ಮ ಓದುಗ